ನೈಟ್ ಡ್ಯೂಟಿ ಇಲ್ಲದ ರಾತ್ರಿ

ಸ್ವಾರಗೇಟಿನಿಂದ ವೆಲ್ಹೆಗೆ ಮಧ್ಯಾಹ್ನದ ಎಸ್ಟಿ ಬಸ್ಸು.
ಮೂವರು ಸಿಸ್ಟರುಗಳು, ಮೊಣಕಾಲ ಮೇಲೆ ಮೂರು ಚೀಲ.
ಡೇರೆ ಬಾಡಿಗೆಯದು, ದಿನಕ್ಕೆ ಇನ್ನೂರೈವತ್ತು;
ಒತ್ತೆಗೆ ವೈಜಯಂತಿಯ ಆಧಾರ್ ಕಾರ್ಡು ಅಂಗಡಿಯಲ್ಲೇ ಇದೆ.

ಕೊನೆಯ ಸ್ಟಾಪಿನಲ್ಲಿ ಕೂತು ಚೀಲ ಬಿಚ್ಚಿದೆವು.
ರೆಹಾನಾ ತಂದದ್ದು ಹತ್ತಿ, ಡೆಟಾಲು, ಮೂರು ಅಳತೆಯ ಬ್ಯಾಂಡೇಜು.
ವೈಜಯಂತಿ ತಂದದ್ದು ಬ್ಯಾಂಡೇಜು, ಓಆರ್‌ಎಸ್, ಥರ್ಮಾಮೀಟರು.
ನನ್ನದೂ ಅದೇ. ಮೇಲೆ ಹತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ.
ಕಡ್ಡಿಪೆಟ್ಟಿಗೆ ಯಾರೂ ತಂದಿರಲಿಲ್ಲ.

ಧೋಂಡಿಬಾ ಮರಗಳೆ ಎಮ್ಮೆಗಳನ್ನು ಮಗಳಿಗೆ ಒಪ್ಪಿಸಿ
ನಮ್ಮ ಮುಂದೆ ಹತ್ತಿದ, ಬರಿಗಾಲಲ್ಲಿ.
ಮೇಲೆ ಹೋಗಿ ಅಂದ: ಮೊದಲು ನೀರು ಎಲ್ಲಿದೆ ನೋಡಿ,
ಆಮೇಲೆ ಗಾಳಿ ಎಲ್ಲಿಂದ ಬರುತ್ತೆ ನೋಡಿ,
ನೀವೆಲ್ಲಿ ಅನ್ನೋದು ಕೊನೆಗೆ.

ಹತ್ತೊಂಬತ್ತು ವರ್ಷ, ನರವೇ ಸಿಗದ ಕೈಗಳಲ್ಲಿ
ಒಂದೇ ಸಲಕ್ಕೆ ಸೂಜಿ ಇಳಿಸಿದವಳು ನಾನು.
ಆ ಕರಿಬಂಡೆಯ ಮೇಲೆ ನಾಲ್ಕು ಗೂಟ ಸೊಟ್ಟಗಾದವು.
ಐದನೆಯದನ್ನು ಧೋಂಡಿಬಾ ನನ್ನ ಕೈಯಿಂದ ಇಸಿದುಕೊಂಡ.
ಒಲ್ಲೆ ಅಂತಿದೆ ಬಾಯಿ, ಯಾಕೆ ಚುಚ್ಚುತ್ತೀರಿ?
ಹಗ್ಗಗಳನ್ನು ಕಲ್ಲಿಗೆ ಸುತ್ತಿದ, ತನ್ನ ಬೆಂಕಿಪೊಟ್ಟಣ ಕೊಟ್ಟ,
ಎಣಿಸಿ: ಆರು ಕಡ್ಡಿ. ಇಳಿದು ಹೋದ.

ಇನ್ನೊಂದು ಮಾತು ಹೇಳಲೇಬೇಕು.
ಮೂಗು ಮುಚ್ಚದೆ ಸಾವಿರ ಬೆಡ್‌ಪ್ಯಾನು ಎತ್ತಿದ್ದೇನೆ.
‘ನಾಚಬ್ಯಾಡೋ ಯಪ್ಪಾ, ನಿಮ್ಮವ್ವ ಇದ್ದಂಗ ನಾನು’ ಅಂತ
ಎಷ್ಟು ಗಂಡಸರ ಸುತ್ತ ಪರದೆ ಎಳೆದಿದ್ದೇನೋ,
ಮರಾಠಿಯವರಿಗೂ ಇದನ್ನು ಕನ್ನಡದಲ್ಲೇ ಅಂದಿದ್ದೇನೆ,
ಅವರಿಗೆ ತಿಳಿದಿದೆ.
ಇಲ್ಲಿ, ನೀರಿನಿಂದ ನೂರು ಹೆಜ್ಜೆ ದೂರ ಅಳೆದು,
ಗೇಣುದ್ದ ಕುಳಿ ತೋಡಿ, ಕುಕ್ಕರಗಾಲಲ್ಲಿ ಕೂತರೆ
ಪರದೆ ಎಳೆಯುವವರಿಲ್ಲ.
ಗುಂಪು ತಪ್ಪಿದ ಒಂದು ಎಮ್ಮೆ ನಿಂತು ನೋಡುತ್ತಿತ್ತು.
ಅತ್ತ ತಿರುಗೇ ಅಂದೆ. ತಿರುಗಲಿಲ್ಲ.
ಆಮೇಲೆ ನಾನೂ ಅದನ್ನೇ ನೋಡುತ್ತ ಕೂತೆ.

ಕತ್ತಲು ಅಂದರೆ ನನಗೆ ಗೊತ್ತಿದ್ದದ್ದು
ವಾರ್ಡಿನಲ್ಲಿ ಕರೆಂಟು ಹೋಗಿ ಜನರೇಟರು ಹತ್ತುವ ತನಕದ
ಹನ್ನೊಂದು ಸೆಕೆಂಡು.
ಅಷ್ಟರಲ್ಲಿ ಕೈ ತಾನಾಗಿ ವೆಂಟಿಲೇಟರಿನತ್ತ ಓಡುತ್ತಿತ್ತು.
ಐದು ಕಡ್ಡಿ ಗಾಳಿಗೆ ಹೋದವು, ಆರನೆಯದಕ್ಕೆ ಚಹಾ ಆಯಿತು.
ಒಲೆ ಆರಿಸಿ ನೀರು ಸುರಿದ ಮೇಲೆ
ಹನ್ನೊಂದು ಎಣಿಸಿದೆ. ನೂರಾ ಹತ್ತು ಎಣಿಸಿದೆ.
ಏನೂ ಹತ್ತಲಿಲ್ಲ.

ಎರಡಕ್ಕೆ ಎಚ್ಚರವಾಯಿತು, ರೌಂಡಿನ ಹೊತ್ತು.
ಎರಡಕ್ಕೆ ಏಳುವುದನ್ನು ಈ ಮೈ ಯಾರಿಗೂ ಬಿಟ್ಟುಕೊಡುವುದಿಲ್ಲ.
ರೆಹಾನಾ: ಹದಿನಾರು, ಸಮ.
ವೈಜಯಂತಿ: ಹದಿನಾಲ್ಕು, ಸಣ್ಣಗೆ ಸೀಟಿ.
ಬರೆದಿಡಲು ಚಾರ್ಟು ಹುಡುಕಿತು ಕೈ.
ಜಿಪ್ಪು ಎಳೆದು ಹೊರಗೆ ಬಂದೆ.
ಮೂಡಲ ದಿಕ್ಕಿಗೆ ಪುಣೆ ಇದ್ದಲ್ಲಿ ಒಂದು ಮಬ್ಬು ಹಳದಿ,
ಚಾದರಿಗೆ ಅಯೋಡಿನ್ ಚೆಲ್ಲಿದ ಹಾಗೆ.
ಅಲ್ಲಿ ಹನ್ನೆರಡನೆಯ ಮಂಚದ ಮುದುಕ ಈಗ ನೀರು ಕೇಳುತ್ತಾನೆ,
ಹೊಸ ಹುಡುಗಿಗೆ ಕೇಳಿಸುತ್ತೋ ಇಲ್ಲವೋ.
ಇಲ್ಲಿ ಒಣಹುಲ್ಲು ಗಾಳಿಯನ್ನು ಒಳಗೆಳೆದು ಹೊರಗೆ ಬಿಡುತ್ತಿತ್ತು.
ಅದನ್ನೂ ಎಣಿಸಲು ಕೂತೆ. ಲೆಕ್ಕ ತಪ್ಪಿತು,
ಮತ್ತೆ ಮೊದಲಿಂದ, ಮತ್ತೆ ತಪ್ಪಿತು.
ತಪ್ಪಿದರೂ ಯಾರೂ ಸಾಯಲಿಲ್ಲ.
ಕೂತಲ್ಲೇ ಅದೆಷ್ಟು ಹೊತ್ತು ನಿದ್ದೆ ಹೋದೆನೋ,
ಡ್ಯೂಟಿಯಲ್ಲಿ ಆಗಿದ್ದರೆ ಮೆಮೊ ಬರುತ್ತಿತ್ತು.

ಬೆಳಿಗ್ಗೆ ಡೇರೆ ಎತ್ತಿದಾಗ ಅಡಿಯಲ್ಲಿ
ಮೂರು ಮೈಗಳ ಅಚ್ಚಿಗೆ ಹುಲ್ಲು ಮಲಗಿತ್ತು.
ವಾರ್ಡಿನಲ್ಲಿ ಹೀಗಾದರೆ ನಮಗೆ ನಾಲ್ಕೇ ನಿಮಿಷ:
ಹಾಸು ಬದಲು, ದಿಂಬು ತಟ್ಟು, ಮುಂದಿನವರು.
ಎಮ್ಮೆ ಹುಡುಕಿಕೊಂಡು ಬಂದ ಧೋಂಡಿಬಾನನ್ನು ಕೇಳಿದೆ,
ಇದು ಏಳೋದಕ್ಕೆ ಎಷ್ಟು ದಿನ?
ಎರಡು, ಮೂರು. ಇಬ್ಬನಿ ಬಿದ್ದರೆ ಬೇಗ.
ಬಗ್ಗಿ ಅಂಗೈಯಿಂದ ಒಂದು ಹಿಡಿ ನೇವರಿಸಿ ನಿಲ್ಲಿಸಿದೆ.
ಬಿಟ್ಟ ಕೂಡಲೆ ಮತ್ತೆ ಮಲಗಿತು.
ವೈಜಯಂತಿ ಆಗಲೇ ಅರ್ಧ ಗುಡ್ಡ ಇಳಿದು ಕೂಗುತ್ತಿದ್ದಳು,
ಒಂಬತ್ತರ ಬಸ್ಸು, ನೀಲಾ, ಒಂಬತ್ತರ ಬಸ್ಸು.