ಯಾರ ಜೀವಮಾನ

ಹಲ್ಲಿಲ್ಲದ ಗೇರ್‌ಬಾಕ್ಸು ಇದು.
ಒಂದು, ಎರಡು, ಮೂರು ಎಂದು ಮೆಟ್ಟಿಲು ಎಣಿಸುವುದಿಲ್ಲ.
ಎದುರುಬದುರು ಎರಡು ಬುಗುರಿ, ಅವಕ್ಕೆ ಸುತ್ತಿದ ಉಕ್ಕಿನ ಪಟ್ಟಿ,
ಒಂದು ಹಿಗ್ಗಿದರೆ ಇನ್ನೊಂದು ಕುಗ್ಗಿ
ಇಡೀ ದಾರಿಯೇ ಎಳೆದ ಒಂದು ಸ್ವರ
ಎಂದು ನ್ಜೋಗು ಗಾಳಿಯಲ್ಲಿ ಚಿತ್ರ ಬರೆದ.
ಇನ್ನೊಂದು ಕೈಯಲ್ಲಿ ಅರ್ಧ ತಿಂದ ಚಪಾತಿ.

ನನ್ನ ಕಾರಿನ ಸ್ವರ ಒಡೆದದ್ದು ಮಾಯಿ ಮಾಹಿಯು ಏರಿನಲ್ಲಿ.
ಬೆನ್ನಿಗೆ ಈರುಳ್ಳಿ ಲಾರಿ, ಮಗ್ಗುಲಲ್ಲಿ ಕಣಿವೆ,
ಹಿಂದಿನ ಸೀಟಿನಲ್ಲಿ ನೈರೋಬಿಗೆ ಪರೀಕ್ಷೆಗೆ ಹೊರಟ
ಮೂವರು ನರ್ಸಿಂಗ್ ಹುಡುಗಿಯರು,
ಮೂಳೆಗಳ ಹೆಸರನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತ.
ಕಾಲು ಒತ್ತಿದೆ. ಇಂಜಿನ್ನು ಕೂಗಿತು,
ಚಕ್ರಕ್ಕೆ ಕೇಳಿಸಲಿಲ್ಲ.
ಆಮೇಲೆ ಮೈತುಂಬ ನಡುಕ,
ಮಲೇರಿಯಾದ ಮೊದಲ ಸಂಜೆಯ ಹಾಗೆ.
ಹುಡುಗಿಯರು ಮೊಣಕಾಲ ಚಿಪ್ಪಿಗೇ ನಿಂತರು.

"ಎಣ್ಣೆ ಯಾವಾಗ ಬದಲಿಸಿದ್ದು, ಕವಾಟಾ?"
ಎಣ್ಣೆಯೆ?
ಮೊಂಬಾಸಾ ಬಂದರಿನಲ್ಲಿ ಮಾರಿದವನು ಹೇಳಿದ್ದ,
ಜಪಾನಿನವರು ತುಂಬಿದ್ದು, ಜೀವಮಾನಕ್ಕೆ ಸಾಕು.
ಯಾರ ಜೀವಮಾನ ಎಂದು ನಾನು ಕೇಳಿರಲಿಲ್ಲ.

ಕಿರಿನ್ಯಾಗಾ ರಸ್ತೆ. ಅತ್ಸಿಯೆನೊಳ ಅಂಗಡಿ,
ಎರಡು ಟೈರಿನ ಗೋಡೆಗಳ ನಡುವೆ ಒಬ್ಬಳು ನಿಲ್ಲುವಷ್ಟು ಜಾಗ.
ಮೊದಲು ಇಳಿಸಿದ್ದು ಕಾರು ಮಾಡಿದವರದೇ ಡಬ್ಬಿ.
ಬೆಲೆ ಕೇಳಿದಾಗ ಮಗನ ಶಾಲೆಯ ಗಂಟೆ
ನನ್ನ ಕಿವಿಯಲ್ಲೇ ಬಾರಿಸಿತು.
ಅದೂ ಅಸಲಿಯೋ, ಯಾವ ಹಿತ್ತಿಲಲ್ಲಿ ತುಂಬಿದ್ದೋ,
ಮುಚ್ಚಳದ ಸೀಲು ಬಾಯಿ ಬಿಡುವುದಿಲ್ಲ.
ಮೂಲೆಯ ಡ್ರಮ್ಮಿನಲ್ಲಿ ಕೆಂಪಗೆ ಇನ್ನೊಂದು.
ಲೀಟರಿಗೆ ಊಟದ ಬೆಲೆ, ಎಲ್ಲ ಗೇರ್‌ಬಾಕ್ಸಿಗೂ ಹೊಂದುತ್ತದಂತೆ.
ಎಲ್ಲರಿಗೂ ಹೊಂದುವ ವರನನ್ನು ಹಿಡಿದು ಬಂದ
ದಲ್ಲಾಳಿಯನ್ನು ನಾನೊಮ್ಮೆ ನಂಬಿದ್ದೆ, ಅತ್ಸಿಯೆನೊ.
ಅವಳು ನಕ್ಕು ಡ್ರಮ್ಮಿಗೆ ಗೋಣಿ ಹೊದಿಸಿದಳು.

ಉಳಿದದ್ದು ಹಸಿರು ಡಬ್ಬಿ. ಯಾವುದೋ ಮಲೇಷ್ಯಾದ ಕಂಪನಿ.
ಬೆನ್ನ ಮೇಲೆ ಇರುವೆ ಸಾಲಿನಂತೆ ಅಕ್ಷರ.
ಕಾರಿನ ಪುಸ್ತಕ ಪೂರ್ತಿ ಜಪಾನಿಯಲ್ಲಿ,
ನನಗೆ ಓದಲು ಬರುವುದು ಅದರಲ್ಲಿ ಒಂದೇ ಗುರುತು:
ಎನ್, ಎಸ್, ಅಡ್ಡಗೀಟು, ಎರಡು.
ಇರುವೆಗಳ ನಡುವೆ ಅದನ್ನು ಹುಡುಕಿದೆ. ಸಿಕ್ಕಿತು.
ಪಕ್ಕದಲ್ಲಿ "ಹೊಂದುತ್ತದೆ" ಎಂದಿತ್ತು.
"ಒಪ್ಪಿಗೆ ಪಡೆದಿದೆ" ಎಂದಿರಲಿಲ್ಲ.
ಎರಡು ಮಾತಿನ ನಡುವಿನ ಆ ಸಂದಿಗೆ
ಬೆಲೆ ಎರಡು ಸಾವಿರದ ಎಂಟುನೂರು ಶಿಲ್ಲಿಂಗ್ ಕಡಿಮೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳಲ್ಲ ನಾನು.
ಕಣ್ಣು ಬಿಟ್ಟು ಓದಿದೆ, ಮೂಸಿದೆ, ಬೆರಳಿಗೆ ಹಚ್ಚಿ ತಿಕ್ಕಿದೆ.
ಜಾರಿಸುವುದೊಂದೇ ಎಣ್ಣೆಯ ಕೆಲಸ ಅಂದುಕೊಂಡಿದ್ದೆ.
ಇಲ್ಲಿ ಹಾಗಲ್ಲ, ನ್ಜೋಗು ಹೇಳಿದ್ದ,
ಸವೆಯದಷ್ಟು ಜಾರಬೇಕು, ತಪ್ಪದಷ್ಟು ಹಿಡಿಯಬೇಕು,
ಎರಡೂ ಅದೇ ಹನಿಯಲ್ಲಿ.
ಬೆರಳಿಗೆ ಬರಿಯ ಜಾರು ತಿಳಿಯಿತು.
ಹಿಡಿತ ತಿಳಿಯುವುದು ಏರಿನಲ್ಲೇ.

ಕಾರಿನಡಿಯಿಂದ ಹಳೆಯದು ಇಳಿಯಿತು,
ಮರೆತು ಒಲೆಯ ಮೇಲೆ ಬಿಟ್ಟ ಚಹಾದಷ್ಟು ಕಪ್ಪು.
ತಟ್ಟೆಯ ಅಯಸ್ಕಾಂತಕ್ಕೆ ಬೂದು ಮೀಸೆ ಬೆಳೆದಿತ್ತು.
ಹೆಬ್ಬೆರಳಲ್ಲಿ ಉಜ್ಜಿ ನೋಡಿದ ನ್ಜೋಗು:
"ಚೂರಾಗಿದ್ದರೆ ಮುಗಿದಿತ್ತು. ಇದು ಹಿಟ್ಟು."
ಇಳಿದದ್ದನ್ನು ಸೋಡಾ ಬಾಟಲಿಗಳಲ್ಲಿ ಅಳೆದು
ಹೊಸದನ್ನು ಅಷ್ಟೇ ಹೊಯ್ದ.
"ಅರ್ಧವೇ ಇಳಿಯೋದು, ಕವಾಟಾ. ಮಿಕ್ಕ ಅರ್ಧ
ಒಳಗೆ ಮೂಲೆಮೂಲೆಯಲ್ಲಿ ಕೂತಿರುತ್ತದೆ.
ಮುಂದಿನ ತಿಂಗಳು ಮತ್ತೆ ಬಾ."
ಆಗ ನನಗೆ ಸಿಟ್ಟು ಬಂತು,
ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಮಂಗಳವಾರ ಮತ್ತೆ ಅದೇ ಏರು. ರೇಡಿಯೊ ಆರಿಸಿದೆ.
ಮುಳ್ಳು ಎರಡು ಸಾವಿರದಲ್ಲಿ ನಿಂತು ಅಲುಗಲಿಲ್ಲ,
ಕಣಿವೆ ನಿಧಾನವಾಗಿ ಕೆಳಗಿಳಿಯಿತು.
ಕುರಿದೊಗಲ ಟೊಪ್ಪಿಗೆ ಮಾರುವವರ ತಿರುವಿನಲ್ಲಿ
ಒಮ್ಮೆ ನಡುಗಿದಂತಾಯಿತು.
ರಸ್ತೆಯ ಗುಂಡಿಯೂ ಇರಬಹುದು.

ಡ್ಯಾಶ್‌ಬೋರ್ಡಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ
ನ್ಜೋಗುವಿನ ವಕ್ರ ಕೈಬರಹ:
ಹಸಿರು, ಅರ್ಧ, ೧,೩೮,೪೧೨.