ನಡುವಿನ ಬಿಳಿ

ಬರೆದುಕೊಳ್ಳಿ ಮೇಡಂ. ಹೆಸರು ವಾರಿಜ. ವಯಸ್ಸು ಮೂವತ್ತಾರು.
ಧಕ್ಕೆಯ ಐಸ್ ಪ್ಲಾಂಟಿನಲ್ಲಿ ರಾತ್ರಿಪಾಳಿಯ ಲೆಕ್ಕ.
ಯಾವ ಬೋಟಿಗೆ ಎಷ್ಟು ಗಡ್ಡೆ, ಎಷ್ಟು ಕಡ,
ಎಷ್ಟು ಕರಗಿ ಹೋಯಿತು. ಅದಕ್ಕೂ ಒಂದು ಕಾಲಂ ಉಂಟು.

ಐಸ್ ಆಗುವುದು ಹೇಗೆಂದು ಮೊದಲು ಹೇಳುತ್ತೇನೆ.
ಉಪ್ಪುನೀರಿನ ತೊಟ್ಟಿ, ಅದರಲ್ಲಿ ಸಿಹಿನೀರಿನ ಡಬ್ಬ,
ಮೇಲೆ ಹಲಗೆ.
ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತದೆ, ಗಾಜಿನ ಹಾಗೆ;
ನಡುವಿಗೆ ಬರುವಾಗ ಗಾಳಿ ಸಿಕ್ಕಿಬಿದ್ದು
ಬೆಳ್ಳಗೆ, ಮಬ್ಬು.
ಆ ಬಿಳಿಯೊಳಗೆ ಎಂತ ಇದ್ದರೂ ಹೊರಗಿನವರಿಗೆ ಕಾಣುವುದಿಲ್ಲ.
ಅಡವಿಟ್ಟವರ ಬಳೆ, ನಲವತ್ತು ಪವನು.
ಕರಿಮಣಿ. ಯಾರದೋ ಮಗುವಿನ ಉಡಿದಾರ.
ಹದಿನೆಂಟು ಗಂಟೆ ಸಾಕು.

ಫೈನಾನ್ಸಿನ ಕೀ ಎಲ್ಲಿಂದ ಬಂತೋ?
ಧಕ್ಕೆಯಲ್ಲಿ ಬೆಳಗಿನ ಜಾವ ಎಲ್ಲವೂ ಏಲಂ ಆಗುತ್ತದೆ.
ವಾಮನಣ್ಣ ಬಿದ್ದದ್ದು ತೊಟ್ಟಿಗೆ.
ಹಲಗೆ ತೆಗೆದಿಟ್ಟವಳು ನಾನು. ಒಬ್ಬಳೇ.
ಒಬ್ಬಳೇ ಎಂಬಲ್ಲಿ ಅಡಿಗೆರೆ ಎಳೆಯಿರಿ.

ಕಾಗದಕ್ಕೆ ಇಷ್ಟು.

ಫ್ಲೇವಿ, ಅಮ್ಮನ ಬೆಂಡೋಲೆ ಹಿಡಿದು ಬಂದವಳು ನಾನು,
ಟೋಕನ್ ಹದಿನೇಳು.
ಸರಳಿನ ಆಚೆ ನೀನು ಕರಿಕಲ್ಲಿಗೆ ಉಜ್ಜಿ, ಒಂದು ಹನಿ ಆಸಿಡ್ ಬಿಟ್ಟು
ಅಳಿಯದೆ ಉಳಿದ ಗೆರೆ ತೋರಿಸಿದೆ.
ಆಮೇಲೆ ನನ್ನ ಮಣಿಕಟ್ಟನ್ನೂ ಎಳೆದು ಕಲ್ಲಿಗೆ ಒರೆಸಿದೆ,
ಒಂಚೂರೂ ನಗದೆ.
ಹಿಂದೆ ಟೋಕನ್ ಹದಿನೆಂಟು ಕೆಮ್ಮುತ್ತಿತ್ತು.

ಸಾಗರ ಲಾಡ್ಜಿನ ಬೋರ್ಡಿನಲ್ಲಿ ‘ಗ’ ಉರಿಯುತ್ತಿರಲಿಲ್ಲ.
ಸಾ ರ, ಸಾ ರ ಎಂದು ಇಡೀ ರಾತ್ರಿ
ನಿನ್ನ ಬೆನ್ನಿನ ಮೇಲೆ ಕೆಂಪು.
ರಿಜಿಸ್ಟರಿನಲ್ಲಿ: ಅಕ್ಕತಂಗಿಯರು, ಆಸ್ಪತ್ರೆ ಕೆಲಸ.
ಪಿರೇರಾ ಮತ್ತು ಸಾಲಿಯಾನ್.
ಹುಡುಗ ಓದಿ ನೋಡಲಿಲ್ಲ, ಪುಣ್ಯಾತ್ಮ.
ನನ್ನ ಮೈಗೆ ಅಮೋನಿಯದ ವಾಸನೆ, ನಿನ್ನ ಬೆರಳಿಗೆ ಆಸಿಡಿನದ್ದು.
ಎರಡೂ ಹತ್ತಿರ ಬಂದರೆ ಬಿಳಿ ಹೊಗೆ ಏಳುತ್ತದೆ ಎಂದು
ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ.
ನೀನು ಕಲಿಸಿದ್ದು ಬೇರೆ:
ಹಿತ್ತಾಳೆಯ ಗೆರೆ ಚಿನ್ನದ್ದಕ್ಕಿಂತ ಚಂದ, ವಾರಿ,
ಹನಿ ಬೀಳುವವರೆಗೆ.

ಆ ಉಡಿದಾರ ಒಂದನ್ನು ವಾಪಸು ಇಡುವ, ಎಂದಿದ್ದೆ.
ನೀನು ಡಬ್ಬಕ್ಕೆ ನೀರು ಬಿಡುತ್ತಿದ್ದೆ. ಕೇಳಿಸಲಿಲ್ಲವೋ ಏನೋ.

ಹಲಗೆ ತೆಗೆದದ್ದು ನಾಲ್ಕು ಕೈ.
ಒಂದು ತುದಿ ನೀನು, ಒಂದು ತುದಿ ನಾನು,
ಮದುವೆ ಹಾಲಿನಲ್ಲಿ ಬೆಂಚು ಸರಿಸಿದ ಹಾಗೆ.
ವಾಮನಣ್ಣ ನಿನ್ನ ಹೆಸರು ಕೂಗುತ್ತ ಬಂದ, ಕೆಟ್ಟದಾಗಿ;
ಮೂರನೇ ಸಲ ಕೂಗುವಾಗ ಅರ್ಧಕ್ಕೇ ನಿಂತಿತು.
ಟಾರ್ಚು ಮಾತ್ರ ತೊಟ್ಟಿಯೊಳಗೆ
ಬಹಳ ಹೊತ್ತು ಉರಿಯಿತು.
ನಾವು ಹಲಗೆ ಮುಚ್ಚಿದೆವು. ಸಂದಿಯಲ್ಲಿ ಬೆಳಕು.
ಅದರ ಮೇಲೆಯೇ ಕುಳಿತು ನೀನು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದೆ.
ಕೈ ನಡುಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಈಗ ಪಾಂಡೇಶ್ವರ ಠಾಣೆ, ಗಂಟೆ ನಾಲ್ಕೂವರೆ.
ಮೇಡಂ ಒಂದು ಹಾಳೆ ದೂಡುತ್ತಾರೆ:
“ನೋಡು ಮಾರಾಯ್ತಿ, ಅವಳು ಎಲ್ಲ ನಿನ್ನ ತಲೆಗೇ ಕಟ್ಟಿದ್ದಾಳೆ.
ಸಹಿ ಉಂಟು.”

ಉಂಟು. ಚಂದ ಉಂಟು.
ಆದರೆ ಫ್ಲೇವಿಯದ್ದು ಎಡಗೈ;
ಬರೆದ ಅಕ್ಷರದ ಮೇಲೇ ಅಂಗೈ ಹೋಗಿ
ಅವಳ ಹೆಸರು ಯಾವಾಗಲೂ ಸ್ವಲ್ಪ ಒರೆಸಿಹೋಗಿರುತ್ತದೆ.
ಇದು ಚೊಕ್ಕ. ಹೊಳೆಯುತ್ತದೆ.

ಹಿತ್ತಾಳೆ.

ಅಂದರೆ ನೀನು ಇವರಿಗೆ ಸಿಕ್ಕಿಲ್ಲ.
ಆ ಒಂದು ಗಡ್ಡೆಯೂ ಸಿಕ್ಕಿಲ್ಲ.
ಬೆಂಗ್ರೆ ದಾಟಿ, ಅಳಿವೆ ದಾಟಿ ಎಲ್ಲೋ
ಮೀನಿನ ಪೆಟ್ಟಿಗೆಯಲ್ಲಿ ಅದು ತೊಟ್ಟಿಕ್ಕುತ್ತಿರಬಹುದು,
ಅಂಚು ಮೊದಲು, ನಡು ಕೊನೆಗೆ.
ಪಕ್ಕದಲ್ಲಿ ನೀನು ನನ್ನನ್ನು ಕಾಯುತ್ತ ಕುಳಿತಿದ್ದೀಯೋ,
ಬಳೆ ಎಣಿಸುತ್ತಿದ್ದೀಯೋ,
ಅದನ್ನು ನೋಡಲಿಕ್ಕೆ ಆಸಿಡ್ ಇಲ್ಲ.

“ಮತ್ತೆ ಅವಳು?” ಪೆನ್ನು ಕಾಯುತ್ತಿದೆ.

ಬರೆದುಕೊಳ್ಳಿ ಮೇಡಂ.
ವಾರಿಜ. ಮೂವತ್ತಾರು.
ಒಬ್ಬಳೇ.