ಎರಡನೆಯ ಶಿಫಾರಸು

ನನ್ನದು ಓದುವ ಕೆಲಸವಲ್ಲ, ಗುರುತು ಹಾಕುವ ಕೆಲಸ.
ಡುಲೂತಿನ ಗುಡ್ಡದ ಮೇಲೆ, ಮೂರನೆಯ ಮಹಡಿ.
ಕಿಟಕಿಯಾಚೆ ಸುಪೀರಿಯರ್ ಸರೋವರ
ಮಾರ್ಚ್ ಬಂದರೂ ಹೆಪ್ಪುಗಟ್ಟಿ ಬಿಳಿಚಿಕೊಂಡೇ ಇದೆ.
ಮೇಜಿನ ಮೇಲೆ ಮಾನವ ಸಂಪನ್ಮೂಲ ಸ್ನಾತಕೋತ್ತರಕ್ಕೆ
ಬಂದ ಅರ್ಜಿ ನಲವತ್ತೊಂದು.

ಬೇಕಾದದ್ದು ಇಷ್ಟು:
ಯಾವ ವಿಷಯದ್ದಾದರೂ ಸರಿ, ಒಂದು ಪದವಿ.
ನಾಲ್ಕಕ್ಕೆ ಮೂರರ ಸರಾಸರಿ; ಕಡಿಮೆಯಿದ್ದರೆ ಕಾರಣ.
ಸಂಖ್ಯಾಶಾಸ್ತ್ರದ ಒಂದು ಕೋರ್ಸು,
ಏಳು ವರ್ಷಕ್ಕಿಂತ ಹಳತಾಗಿರಬಾರದು
(ಅಂಕಿಗಳೂ ಹಳಸುತ್ತವೆಂದು ನಮ್ಮ ನಂಬಿಕೆ).
ಉದ್ದೇಶ ಪತ್ರ, ಐನೂರು ಪದ.
ಶಿಫಾರಸು ಎರಡು: ಮೇಲಧಿಕಾರಿಯೋ, ಪ್ರಾಧ್ಯಾಪಕರೋ,
ಅರ್ಜಿದಾರರ ಕೆಲಸವನ್ನು ಕಣ್ಣಾರೆ ಕಂಡವರು.
ಅರವತ್ತು ಡಾಲರು. ಮರಳಿಸಲಾಗುವುದಿಲ್ಲ.

ಹದಿನಾಲ್ಕು ವರ್ಷದಿಂದ ಈ ಪಟ್ಟಿ ನನ್ನ ನಾಲಗೆಯ ಮೇಲಿದೆ,
ಫೋನೆತ್ತಿದರೆ ಮಗ್ಗಿಯ ಹಾಗೆ ಹೊರಡುತ್ತದೆ.

ಇಪ್ಪತ್ತೇಳನೆಯದು ಲೋರ್ನಾ ಹಾಪಲಾ.
ಪದವಿಯ ಇಸವಿ ನೋಡಿದರೆ ಐವತ್ತು ದಾಟಿರಬೇಕು.
ಕಾಗದದ ಗಿರಣಿಯಲ್ಲಿ ಸಂಬಳದ ಲೆಕ್ಕ, ಹತ್ತೊಂಬತ್ತು ವರ್ಷ.
ಸರಾಸರಿ ಎರಡು ಪಾಯಿಂಟ್ ಎಂಟು.
ಕಾರಣ ಕೇಳಿದ ಖಾಲಿ ಜಾಗದಲ್ಲಿ:
'ರಾತ್ರಿ ಪಾಳಿ. ಅವಳಿ ಮಕ್ಕಳು.'
ಅಷ್ಟೇ. ತಪ್ಪಾಯಿತೆಂಬ ಧ್ವನಿಯೂ ಇಲ್ಲ.
ಸಂಖ್ಯಾಶಾಸ್ತ್ರ ಹೋದ ಬೇಸಿಗೆ ಮುಗಿಸಿದ್ದಾಳೆ, ಎ ಮೈನಸ್.

ಉದ್ದೇಶ ಪತ್ರ ಐನೂರಿರಲಿ, ನೂರೂ ಮುಟ್ಟಿಲ್ಲ.
ಓದಬಾರದು ನಾನು. ಓದಿದೆ.

'ಗಿರಣಿ ಮುಚ್ಚುವ ವಾರ ಮೇಲಿನವರು
ಚಿಕಾಗೊದಿಂದ ಪಟ್ಟಿ ಕಳಿಸಿದರು, ಜೊತೆಗೊಂದು ಒಪ್ಪಿಸುವ ಪಾಠ:
ಏನು ಹೇಳಬೇಕು, ಏನು ಆಡಬಾರದು,
ಟಿಶ್ಯೂ ಡಬ್ಬ ಮೇಜಿನ ಯಾವ ಬದಿಗೆ.
ಇನ್ನೂರ ಆರು ಜನ. ಎಲ್ಲರ ಸಂಬಳ ಸೆಂಟಿನವರೆಗೆ ಗೊತ್ತು,
ಒಬ್ಬರಿಗೆ ಹೇಳಲೂ ನನ್ನಲ್ಲಿ ಮಾತಿರಲಿಲ್ಲ.
ಇನ್ನೂರ ಏಳನೆಯ ಲಕೋಟೆ ನನ್ನದು. ನನಗೆ ನಾನೇ ಕೊಟ್ಟುಕೊಂಡೆ.
ಆ ಕೆಲಸವನ್ನು ಬೇರೆ ಥರ ಮಾಡುವುದು
ನಿಮ್ಮಲ್ಲಿ ಯಾರಿಗಾದರೂ ಬರುತ್ತದೆಯೇ?
ಬರುವುದಾದರೆ ಕಲಿಯುತ್ತೇನೆ.'

ಸಂಪನ್ಮೂಲ.
ಕಬ್ಬಿಣದ ಅದಿರು, ಸಿಹಿನೀರು, ಪೈನ್ ಮರ, ಮನುಷ್ಯ.
ಇಷ್ಟು ದಿನ ಕಡತದ ಬೆನ್ನಿಗೆ ಈ ಪದ ಅಂಟಿಸುವಾಗ
ಅಂಟು ನೆಟ್ಟಗಿದೆಯೇ ಎಂದಷ್ಟೇ ನೋಡಿದ್ದೆ.

ಮೊದಲ ಶಿಫಾರಸು ಸಂಖ್ಯಾಶಾಸ್ತ್ರದ ಮೇಷ್ಟರದು. ಸರಿ.
ಎರಡನೆಯದು ವರ್ನ್ ಕೊಸ್ಟೆಲಿಕ್.
ಹುದ್ದೆ: ಫೋರ್ಕ್‌ಲಿಫ್ಟ್ ಚಾಲಕ, ಮಾಜಿ.
ಬರೆದದ್ದು ಎರೆಹುಳ ಮಾರುವ ಅಂಗಡಿಯ ಪ್ಯಾಡಿನ ಮೇಲೆ,
ಮೂಲೆಯಲ್ಲಿ ಟೋಪಿ ಹಾಕಿಕೊಂಡು ನಗುವ ಒಂದು ಮೀನು.

'ಯಂತ್ರಕ್ಕೆ ನನ್ನ ಎರಡು ಬೆರಳು ಹೋದಾಗ
ಪರಿಹಾರದ ಕಾಗದ ಮೂರು ಸಲ ವಾಪಸು ಬಂತು.
ನಾಲ್ಕನೆಯ ಸಲ ಇವಳೇ ಹಿಡಿದುಕೊಂಡು
ಸೇಂಟ್ ಪಾಲ್‌ವರೆಗೆ ಕಾರು ಓಡಿಸಿದಳು, ಹಿಮದಲ್ಲಿ.
ನನ್ನನ್ನು ಕೆಲಸದಿಂದ ತೆಗೆದವಳೂ ಇವಳೇ.
ಏನೋ ಓದಲು ಶುರು ಮಾಡಿದಳು, ಎರಡು ಸಾಲು.
ಮಡಚಿಟ್ಟಳು. ವಿಮೆ ಯಾವ ತಾರೀಕಿನವರೆಗೆ ಎಂದು
ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು,
ನನ್ನ ಕನ್ನಡಕ ಲಾಕರಿನಲ್ಲಿದ್ದದ್ದು ಅವಳಿಗೆ ಗೊತ್ತಿತ್ತು.
ಆಮೇಲೆ ನಾನು ಏಳುವವರೆಗೆ ಕೂತಿದ್ದಳು.
ಹೊರಗೆ ಸಾಲು ಇತ್ತು. ಆದರೂ ಕೂತಿದ್ದಳು.'

ನಮೂನೆಯ ಕೊನೆಯ ಪ್ರಶ್ನೆ:
ಅರ್ಜಿದಾರರನ್ನು ಎಷ್ಟು ಕಾಲದಿಂದ ಬಲ್ಲಿರಿ?
ಉತ್ತರ, ಮೂರು ಬೆರಳಿನ ಅಕ್ಷರದಲ್ಲಿ:
ಹತ್ತೊಂಬತ್ತು ವರ್ಷ. ಮತ್ತೆ ಆ ಹನ್ನೊಂದು ನಿಮಿಷ.

ಮೇಲಧಿಕಾರಿಯಲ್ಲ. ಪ್ರಾಧ್ಯಾಪಕನಲ್ಲ.
ಕಣ್ಣಾರೆ ಕಂಡವನು.
ನಿಯಮದ ಮೊದಲರ್ಧ ಒಂದು ಕಡೆ ಜಗ್ಗಿತು,
ಉಳಿದರ್ಧ ಜಗ್ಗಲೇ ಇಲ್ಲ, ಸುಮ್ಮನೆ ಕೂತಿತ್ತು.

ನಾಲ್ಕೂವರೆಯ ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತು.
ಪರದೆಯ ಮೇಲೆ ಒಂದು ಚೌಕ ಮಿನುಗುತ್ತ ಕೇಳುತ್ತಿದೆ:
ಪತ್ರ ಸಂಸ್ಥೆಯ ಅಧಿಕೃತ ಲೆಟರ್‌ಹೆಡ್ಡಿನಲ್ಲಿದೆಯೇ?

ಟೋಪಿಯ ಮೀನನ್ನು ನೋಡಿದೆ.
ಇದೆ, ಎಂದು ಒತ್ತಿದೆ.